ಎಪ್ಪತ್ಮೂರನೆಯ ದವಡೆ

ಬೆರಳ ತುದಿಗೆ ಉಬ್ಬು ತಾಕಬೇಕಿತ್ತು, ತಾಕಿದ್ದು ಗುಳಿ — ಇರಲಾರದು, ತುಂಗಾ ಇನ್ನೊಮ್ಮೆ ಸವರಿದಳು, ಗುಳಿಯೇ, ಎಕ್ಸ್‌ರೇ ಫಿಲ್ಮಿನ ಮೂಲೆಯ ಸಾಸಿವೆಯಷ್ಟು ಚುಕ್ಕೆ ಒಳಕ್ಕಿಳಿದಿದೆ, ಪಕ್ಕದ ಫಿಲ್ಮಿನದೂ ಅಷ್ಟೇ, ಅಂದರೆ ಎರಡೂ ಮಗುಚಿಕೊಂಡಿವೆ, ಎಡ ಎಂದು ಬರೆದದ್ದು ಬಲ, ಬಲ ಎಂದು ಬರೆದದ್ದು ಎಡ, ರಟ್ಟಿನ ಚೌಕಟ್ಟಿನ ಮೇಲೆ ಅವಳದೇ ದುಂಡನೆಯ ಅಂಕಿ, ಎಪ್ಪತ್ಮೂರು. ಹೆಸರು ಬರೆಯುವಂತಿಲ್ಲ, ನೂರು ಜನರ ಕೆಳದವಡೆಗೆ ನೂರು ಸಂಖ್ಯೆ, ಮೂಳೆಯೊಳಗೆ ನರ ಹೋಗುವ ದಾರಿ ಒಬ್ಬೊಬ್ಬರಲ್ಲಿ ಹೇಗೆ ಬೇರೆ ಎಂದು ಡಾಕ್ಟರ್ ಬದರಿನಾಥರು ಅಳೆಸುತ್ತಿದ್ದಾರೆ, ಜನ ಸಾಲದಾದಾಗ ತುಂಗಾ ತ್ರಿಪ್ಲಿಕೇನಿನ ಮನೆಯಿಂದ ತಂಗಿಯನ್ನೇ ಕರೆತಂದಳು, ಅಂಬುಜಾ ಬಸ್ಸಿನುದ್ದಕ್ಕೂ ನಗುತ್ತಿದ್ದಳು, ನಿಮ್ಮ ಡಾಕ್ಟರಿಗೆ ದವಡೆ ಬೇಕಾ, ಬಾಯೀನೂ ಸೇರಿಸಿ ಇಟ್ಕೊಳ್ಳಲಿ ಅಂತಾರೆ ಕಣೇ ಅಪ್ಪ. ಹಿಂದಿನ ಡಾಕ್ಟರ ಪದ್ಧತಿಯಲ್ಲಿ ಗುಳಿ ಮೇಲಿರಬೇಕಿತ್ತು, ನಾಲಿಗೆಯ ಮೇಲೆ ನಿಂತು ನೋಡಿದ ಹಾಗೆ, ಬದರಿನಾಥರು ಬಂದ ಮೇಲೆ ಉಬ್ಬು ಮೇಲೆ, ಎದುರು ನಿಂತು ಮುಖ ನೋಡಿದ ಹಾಗೆ, ತೊಂಬತ್ತೊಂಬತ್ತು ಚೌಕಟ್ಟುಗಳಲ್ಲಿ ಉಬ್ಬು, ಇದೊಂದರಲ್ಲಿ ಮಾತ್ರ ಕೈ ಹಳೆಯ ದಾರಿ ಹಿಡಿದಿದೆ — ತಂಗಿಯದು ಎಂದು ಆ ದಿನದ ಫಿಲ್ಮುಗಳಲ್ಲಿ ಮೊದಲು, ಎಷ್ಟು ಸಂಭ್ರಮದಿಂದ ಕೂರಿಸಿದಳು, ಬೀಗ ಹಾಕಿದ ಮೇಲೂ ಮೂರು ಸಲ ಜಗ್ಗಿ ನೋಡುವವಳು. ಬೆಳಕಿಗೆ ಹಿಡಿದಾಗ ಒಂದು ಕಡೆ ನರ ಕೊನೆಯ ದವಡೆಹಲ್ಲಿನ ಬೇರುಗಳ ನಡುವೆ ನುಸುಳಿ ಹೋಗುತ್ತಿತ್ತು, ಎಡಗಡೆ ಜೋಪಾನ ಎಂದು ಬರೆದಳು, ತಂಗಿಗೆ ನೋಯುತ್ತಿದ್ದ ಹಲ್ಲು ಬಲಗಡೆಯದು, ಡಾಕ್ಟರು ತುಂಗಾ ಬರೆದದ್ದನ್ನು ಓದಿ ಇದು ಸುಲಭದ್ದಮ್ಮಾ ಎಂದು ತಿರುಗಿಸಿ ಕಿತ್ತರು, ಮೂರು ತಿಂಗಳಾಯಿತು, ಅಂಬುಜೆಯ ಕೆಳತುಟಿಯ ಬಲ ಅರ್ಧ ಎಚ್ಚರವಾಗಿಲ್ಲ, ಹನ್ನೊಂದು ವರ್ಷ ಕಲಿತ ಕೊಳಲು, ರೇಡಿಯೋದವರ ಪರೀಕ್ಷೆಗೆ ಇನ್ನು ಇಪ್ಪತ್ತೇ ದಿನ, ತುಟಿಗಿಟ್ಟರೆ ಅರ್ಧ ಕೊಳಲನ್ನೇ ಇಟ್ಟ ಹಾಗಾಗತ್ತೆ ಅಕ್ಕಾ, ಉಸಿರು ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ.

ಬಾಗಿಲಲ್ಲಿ ಬದರಿನಾಥರು, ಏನಮ್ಮಾ ತುಂಗಾ, ಅಳತೆಯ ಟೇಬಲ್ ಎಲ್ಲಾ ಸರಿ ನೋಡಿದೆಯಾ, ಸಾಯಂಕಾಲ ಟೈಪಿಂಗಿಗೆ ಹೋಗ್ಬೇಕು, ಸೀಕ್ರಂ, ಬೇಗ, ನೋಡು, ನಮ್ಮ ಪೇಪರಿಗೆ ನಿನ್ನ ತಂಗಿಯೇ ಕಳಶ, ಫಿಲ್ಮಿನಲ್ಲಿ ಕಾಣದ ಇನ್ನೊಂದು ದಾರಿ ಇದೆ ಆ ನರಕ್ಕೆ, ಇಲ್ಲದಿದ್ದರೆ ನನ್ನ ಕೈಯಲ್ಲಿ ಹಾಗಾಗತ್ತಾ — ಇಲ್ಲ ಸರ್, ಇನ್ನೊಂದು ದಾರಿ ಇಲ್ಲ, ಇರುವುದೊಂದೇ, ನಾನು ಅದನ್ನು ಇನ್ನೊಂದು ಪಕ್ಕಕ್ಕೆ ಬರೆದೆ, ಇಷ್ಟೇ ಮಾತು, ನಾಲಿಗೆಯ ಮೇಲೆ ಜೋಡಿಸಿಟ್ಟಿದ್ದಾಳೆ, ಆದರೆ ಅಂಬುಜಾ, ನೆರೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ, ನನ್ನ ದವಡೆ ಎಲ್ಲರ ಹಾಗಲ್ಲ ರೀ, ಪುಸ್ತಕದಲ್ಲಿ ಬರತ್ತೆ, ಅವಳಿಗೆ ಉಳಿದ ಸಮಾಧಾನ ಅದೊಂದೇ, ಅದನ್ನೂ ಕಿತ್ತುಕೊಳ್ಳುವುದೇ — ಸುಳ್ಳು, ಅವಳಿಗಾಗಿ ಅಲ್ಲ, ಹೇಳಿದ ಮೇಲೆ ಅವಳು ತನ್ನನ್ನು ನೋಡುವ ನೋಟಕ್ಕೆ ಹೆದರಿಕೆ. ಮೂರು ಸಲ ನೋಡಿದೆ ಸರ್, ಎಂದಳು ತುಂಗಾ, ನೋಡಿದ್ದು ನಿಜವೇ, ಡಾಕ್ಟರು ಹಾಳೆಗಳನ್ನು ತೆಗೆದುಕೊಂಡು ಒಳಕೋಣೆಗೆ ಹೋದರು. ಇವತ್ತು ಶುಕ್ರವಾರ, ತುಟಿ ಪರೀಕ್ಷಿಸುವ ದಿನ, ಅಂಬುಜಾ ಆಗಲೇ ಕುರ್ಚಿಯಲ್ಲಿ, ಪರದೆಯ ಸಂದಿಯಿಂದ ಕಾಣುತ್ತಾಳೆ, ಕಣ್ಣು ಮುಚ್ಚಿ ಗಲ್ಲ ಎತ್ತಿದ್ದಾಳೆ, ಡಾಕ್ಟರ ಕೈಯಲ್ಲಿ ಗುಂಡುಸೂಜಿ, ಎಡದಿಂದ ಶುರು, ಇಲ್ಲಿ, ಚುಚ್ಚತ್ತೆ ಸರ್, ಇಲ್ಲಿ, ಚುಚ್ಚತ್ತೆ, ತುಟಿಯ ನಡುವಿಗೆ ಬಂತು, ದಾಟಿತು, ಮಾತಿಲ್ಲ, ಹೋದ ಶುಕ್ರವಾರವೂ ಇಲ್ಲೇ, ಅದರ ಹಿಂದಿನ ಶುಕ್ರವಾರವೂ ಇಲ್ಲೇ, ಸೂಜಿಯ ಮೊನೆಯಲ್ಲಿ ರಕ್ತದ ಒಂದು ಹನಿ ಮೂಡಿತು, ಅಂಬುಜಾ ಕಣ್ಣು ಬಿಗಿದು ಕಾಯುತ್ತಿದ್ದಾಳೆ, ಯಾಕೆ ಸರ್ ನಿಲ್ಲಿಸಿದಿರಿ, ನಾನು ರೆಡಿ, ಚುಚ್ಚಿ — ಸೂಜಿ ತುಟಿಯಲ್ಲೇ ಇದೆ, ಚುಚ್ಚಿ ಸರ್, ತುಟಿಯಲ್ಲೇ ಇದೆ, ಸೂಜಿ