ಗೋಮುಖದ ಹುಳಗಳು

ತಾಯಲೂರಿನ ಆವಲಪ್ಪ ಗಂಗೋತ್ರಿಗೆ ಹೋದದ್ದು ಸುಳ್ಳಲ್ಲ. ಇನ್ನೂ ಮೇಲೆ, ಗೋಮುಖದವರೆಗೆ ಏದುಸಿರು ಬಿಡುತ್ತ ಹತ್ತಿ, ಹಿಮದ ಗಡ್ಡೆಯನ್ನೇ ಒಡೆದು ತಾಮ್ರದ ಗಿಂಡಿಗೆ ತುಂಬಿ, ಅದರ ಬಾಯಿಗೆ ಅರಗು ಮೆತ್ತಿಸಿಕೊಂಡದ್ದೂ ನಿಜ. ಆದರೆ ರೈಲಿನ ಕುಲುಕಾಟಕ್ಕೆ ಅರಗು ಬಿಟ್ಟು, ಕರಗಿದ ನೀರೆಲ್ಲ ಚೆಲ್ಲಿಹೋಗಿತ್ತು. ಊರಮುಂದೆ ಓಲಗ ಸಮೇತ ಜನ ಕಾದಿದ್ದಾರೆಂದು ಕೇಳಿ ಯಾರಿಗೂ ಕಾಣದಂತೆ ಅಡ್ಡದಾರಿ ಹಿಡಿದ. ಊರ ಕೆರೆಗಿಳಿದು ಗಿಂಡಿ ಮುಳುಗಿಸಿದ, ಬಾಯಿಗೆ ಬಟ್ಟೆ ಬಿಗಿದ. ಯಾತ್ರೆ ಸಾಚಾ, ತೀರ್ಥ ಖೋಟಾ. ಊರೆಲ್ಲ ಅದನ್ನೇ ಕಣ್ಣಿಗೊತ್ತಿಕೊಂಡು ಕುಡಿಯಿತು.

ಗಂಗೆಪೂಜೆಗೆ ಮುಳಬಾಗಿಲಿನಿಂದ ವಿಜ್ಞಾನದ ಮೇಷ್ಟ್ರು ನರಸಿಂಹಪ್ಪನವರೂ ಬಂದಿದ್ದರು. ಆ ವರ್ಷ, ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ, ಅವರ ಸ್ಕೂಲಿಗೆ ಹೊಸ ಮೈಕ್ರೋಸ್ಕೋಪು ಬಂದಿತ್ತು.

“ಹಳೇ ಹಿಮದೊಳಗೆ ಕಣ್ಣಿಗೆ ಕಾಣದ ಜೀವಗಳು ಸಾವಿರಾರು ವರ್ಷ ನಿದ್ದೆ ಮಾಡ್ತಾವಂತೆ, ಆವಲಪ್ಪನೋರೆ. ಕರಗಿದ್ರೆ ಎದ್ದು ಓಡಾಡ್ತಾವಂತೆ. ಒಂದ್ ಶೀಸೆ ನೀರು ಕೊಡಿ, ನೋಡ್ಬೇಕು.”

ಎಲ್ಲರೆದುರು ಇಲ್ಲವೆನ್ನಲಾಗದೆ ಆವಲಪ್ಪ ಕೊಟ್ಟ.

ಮಾರನೆಯ ದಿನವೇ ಮೇಷ್ಟ್ರು ಸೈಕಲ್ ತುಳಿದುಕೊಂಡು ಬಂದರು. “ಇದಾವೆ! ಗಿಜಿಗುಡ್ತಾವೆ! ಋಷಿಗಳ ಕಾಲ್ದಲ್ಲಿ ಮಲಗಿದ್ದೋವು ನಮ್ಮ ಸ್ಕೂಲಲ್ಲಿ ಎದ್ದವೆ! ಬೆಂಗಳೂರಿಗೆ ಬರೀತೀನಿ.”

ಆವಲಪ್ಪ ಕೆರೆ ನೀರು ಅಂದಿದ್ದರೆ ಸಾಕಿತ್ತು, ಎರಡೇ ಮಾತು. ಹಾಗಂದುಬಿಟ್ಟರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. “ಎಲ್ಲಾ ಗಂಗಮ್ಮನ ದಯೆ,” ಅಂದ.

ಬೆಂಗಳೂರಿನ ಪಂಡಿತರೊಬ್ಬರು ಉತ್ತರ ಬರೆದರು: ಇವು ಯಾವ ಕೆರೆಯಲ್ಲಾದರೂ ಸಿಕ್ಕುವ ಹುಳಗಳು, ನಿಮ್ಮೂರಲ್ಲಿ ಕೆರೆ ಇಲ್ಲವೇ? ಜೊತೆಯ ಮೇಷ್ಟ್ರುಗಳು ನರಸಿಂಹಪ್ಪನವರಿಗೆ ಕೆರೆಹುಳದ ಮೇಷ್ಟ್ರು ಎಂದು ಹೆಸರಿಟ್ಟರು. ಆ ನಗು ತಾಯಲೂರಿನ ಹೋಟೆಲಿಗೂ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆವಲಪ್ಪ ಅರ್ಧ ಕಾಫಿ ಬಿಟ್ಟು ಎದ್ದ. ತನಗೆ ಯಾರೂ ಉಗಿಯಲಿಲ್ಲವಲ್ಲ ಎಂಬುದೇ ಅವನನ್ನು ಹೆಚ್ಚು ಸುಟ್ಟಿತು. ಮೇಷ್ಟ್ರು ಬಂದರೆ ಹೇಳಿಯೇಬಿಡುತ್ತೇನೆಂದು ದೇವರ ಮುಂದೆ ಆಣೆ ಇಟ್ಟ.

ಭಾನುವಾರ ಅವರು ಬಂದರು. ಇವನು ಬಾಯಿ ತೆರೆಯುವ ಮೊದಲೇ ಬಗ್ಗಿ ಕಾಲು ಮುಟ್ಟಿದರು.

“ನಂದೇ ತಪ್ಪು. ನಾನು ತಂದಿದ್ದ ಶೀಸೆ ನೆಟ್ಟಗೆ ತೊಳೆದಿರ್ಲಿಲ್ಲ. ನಿಮ್ಮ ಗಂಗೇಗೆ ಯಾವ್ದೋ ಕೊಳಕು ನೀರು ಬೆರೆಸ್ಬಿಟ್ಟೆ. ಕ್ಷಮಿಸ್ಬೇಕು.”

ಆವಲಪ್ಪ ಅವರ ಬಗ್ಗಿದ ಬೆನ್ನನ್ನು ನೋಡಿದ.

“ಹೋಗ್ಲಿ ಬಿಡಿ ಮೇಷ್ಟ್ರೇ,” ಅಂದ. “ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ.”