ಕಾಶಿನಾಥನ ಮೂರು ಇಟ್ಟಿಗೆ

ಫೋನಿನಲ್ಲಿ ನೀಮಾಳಿಗೆ ಗಂಗಾವತಿಯ ಒಂಬತ್ತು ಬಾಡಿಗೆ ಮನೆಗಳು ಸಿಕ್ಕಿದ್ದವು. ಬಾಗಿಲಿಗೆ ಹೋಗಿ ನಿಂತಾಗ ಒಂಬತ್ತೂ ಕೈತಪ್ಪಿದವು.

ಇದರಲ್ಲಿ ಅವಳ ಮೋಸವೇನೂ ಇರಲಿಲ್ಲ. ಟಾಂಜಾನಿಯಾದ ಎಂಬೆಯಾ ಊರಿನ ಹುಡುಗಿ ಧಾರವಾಡದಲ್ಲಿ ನಾಲ್ಕು ವರ್ಷ ಇದ್ದು ಇಂಜಿನಿಯರಿಂಗ್ ಓದಿದವಳು. ಗಿರಮಿಟ್ ತಿನ್ನುತ್ತ, ಬಸ್ಸಿನ ಸೀಟಿಗೆ ಜಗಳವಾಡುತ್ತ ಕಲಿತ ಕನ್ನಡ ಅವಳದು. “ಮನಿ ಖಾಲಿ ಐತೇನ್ರಿ?” ಎಂದು ಕೇಳಿದರೆ ಆ ಕಡೆಯವರು “ಐತವ್ವಾ, ಬಂದು ನೋಡು” ಎನ್ನುತ್ತಿದ್ದರು. ಬಾಗಿಲು ತೆರೆದು ಅವಳ ಕಪ್ಪು ಮುಖ, ಬಿಗಿಯಾಗಿ ಹೆಣೆದ ಸಣ್ಣ ಸಣ್ಣ ಜಡೆಗಳನ್ನು ನೋಡಿದ್ದೇ ತಡ, ಖಾಲಿ ಇದ್ದ ಮನೆ ನಿಂತ ನಿಲುವಿನಲ್ಲೇ ಭರ್ತಿಯಾಗುತ್ತಿತ್ತು. ಒಬ್ಬರ ಅಳಿಯ ವರ್ಗವಾಗಿ ಬರುವವನಿದ್ದ. ಇನ್ನೊಬ್ಬರ ಅಳಿಯನೂ ಬರುವವನಿದ್ದ. ಆ ವಾರ ರಾಜ್ಯದ ಅಳಿಯಂದಿರೆಲ್ಲ ಗಂಗಾವತಿಗೇ ವರ್ಗವಾಗಿದ್ದರು, ಸರ್ಕಾರಕ್ಕೆ ಮಾತ್ರ ಸುದ್ದಿ ಗೊತ್ತಿರಲಿಲ್ಲ.

ಅವಳು ಬಂದದ್ದು ಕೆಲಸಕ್ಕೆ. ಇಲ್ಲಿಯ ಒಂದು ಕಾರ್ಖಾನೆ ಅಕ್ಕಿ ಗಿರಣಿಯ ಯಂತ್ರಗಳನ್ನು ಅವಳ ದೇಶಕ್ಕೆ ಕಳಿಸುತ್ತಿತ್ತು. ಯಂತ್ರ ಕೂರಿಸುವುದನ್ನು ಕಲಿತು ಅಲ್ಲಿಯವರಿಗೆ ಅವರ ಮಾತಿನಲ್ಲೇ ಹೇಳಿಕೊಡುವವರು ಬೇಕಾಗಿದ್ದರು. ಓದು ಮುಗಿಸಿ ಊರಿಗೆ ಹೋಗಿದ್ದ ನೀಮಾ ಕೆಲಸದ ವೀಸಾ ಮಾಡಿಸಿಕೊಂಡು ಮರಳಿ ಬಂದಳು. ಬಂದಿಳಿದ ಹದಿನಾಲ್ಕು ದಿನದೊಳಗೆ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ವಿಳಾಸ ಕೊಟ್ಟು ನೋಂದಣಿ ಮಾಡಿಸಬೇಕು. ವಿಳಾಸಕ್ಕೆ ಮನೆಯೊಡೆಯರ ಸಹಿ ಬೇಕು. ಕಾಗದ ಸರಿಯಿಲ್ಲದವರನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂದು ಕಾರ್ಖಾನೆಯ ಮ್ಯಾನೇಜರ್ ಮೊದಲೇ ಹೇಳಿದ್ದ.

ಅಲ್ಲಿಯವರೆಗೆ ಅವಳು ಸಾಣಾಪುರದ ಕೆರೆಯ ಹತ್ತಿರ ಪ್ರವಾಸಿಗರ ಗುಡಿಸಲೊಂದರಲ್ಲಿ ಇದ್ದಳು. ಅಲ್ಲಿಯ ಮಾಲೀಕ ಮೊದಲ ದಿನ ಅವಳಿಗೆ ಹಾರ ಹಾಕಿ ಫೋಟೊ ತೆಗೆಸಿಕೊಂಡ. ಸಹಿ ಕೇಳಿದಾಗ, ನಾಕು ದಿನದ ಮಂದಿಗೆ ಅಂಥದ್ದೆಲ್ಲ ಕೊಡಂಗಿಲ್ಲ ಎಂದ. ತೆಪ್ಪದಲ್ಲಿ ಸುತ್ತಾಡಿ ನಾಳೆ ಹೊರಡುವ ವಿದೇಶಿ ಎಲ್ಲರಿಗೂ ಬೇಕು. ಇಲ್ಲೇ ಇದ್ದು ದುಡಿಯುತ್ತೇನೆ ಎನ್ನುವವಳು ಬೇಡ. ನೀಮಾಳಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು, ಸಿಟ್ಟು ಹೋಗಲೇ ಇಲ್ಲ.

ಹದಿಮೂರನೆಯ ದಿನ ಸಂಜೆ ಸಿಕ್ಕಿದ್ದು ಹತ್ತನೆಯ ಮನೆ. ಒಡೆಯ ಹನುಮಣ್ಣ, ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ತನ್ನ ಮನೆಗೆ ಹೊಂದಿಕೊಂಡು ಒಂದು ಖೋಲಿ, ಒಂದು ಅಡುಗೆಮನೆ ಕಟ್ಟಿಸಿದ್ದ. ಅವಳನ್ನು ಕಣ್ಣಾರೆ ನೋಡಿಯೂ ಅವನು ಅಳಿಯನ ಸುದ್ದಿ ಎತ್ತಲಿಲ್ಲ. ಇಬ್ಬರೇ ಮಕ್ಕಳು, ಇಬ್ಬರೂ ಗಂಡು, ಒಬ್ಬ ಕುಷ್ಟಗಿಯಲ್ಲಿ ಮಾಸ್ತರ, ಇನ್ನೊಬ್ಬ ಯಲಬುರ್ಗಾದಲ್ಲಿ ಲೈನ್‌ಮನ್ ಎಂದು ಮನೆಯ ಕಥೆಯನ್ನೆಲ್ಲ ಹೇಳಿದ. ಹೆಂಡತಿ ಹುಲಿಗವ್ವ ಚಹಾ ಕೊಟ್ಟಳು.

“ನಾಳೆ ಮುಂಜಾನೆ ಸಾಮಾನು ತಗೊಂಡು ಬಾರವ್ವ” ಎಂದ ಹನುಮಣ್ಣ. “ಮೊದಲ ಹಾಲು ಉಕ್ಕಸು, ಆಮ್ಯಾಲ ಸಹಿ ಹಾಕ್ತೀನಿ.”

ಹಾಲಿನ ವಿಷಯ ನೀಮಾಳಿಗೆ ಹೊಸದಲ್ಲ. ಧಾರವಾಡದಲ್ಲಿ ಗೆಳತಿಯರ ಜೊತೆ ಮನೆ ಹಿಡಿದಾಗ ಅಲ್ಲಿಯ ಒಡತಿ ಎಲ್ಲವನ್ನೂ ಹೇಳಿಕೊಟ್ಟಿದ್ದಳು. ಬಾಡಿಗೆಯ ಮನೆಯಾದರೂ ಮೊದಲು ಒಲೆಯ ಮೇಲೆ ಹಾಲಿಡಬೇಕು. ಅದು ತುಂಬಿ ಹೊರಚೆಲ್ಲುವವರೆಗೆ ಕಾಯಬೇಕು. ಪೂರ್ವಕ್ಕೆ ಚೆಲ್ಲಿದರೆ ಭಾಳ ಛಲೋ. ನಡುವೆ ಯಾರಾದರೂ ಇಳಿಸಿದರೆ, ಬಂದವರಿಗಲ್ಲ, ಮನೆಗೇ ಕೆಡುಕು.

ಮರುದಿನ ಮುಂಜಾನೆ ಅವಳ ಆಟೋ ಓಣಿಗೆ ಬಂದಾಗ ಹನುಮಣ್ಣ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಎದುರುಮನೆಯ ಕಾಶಿನಾಥ, ಸುತ್ತ ಓಣಿಯ ಐದಾರು ಮಂದಿ. ಕಾಶಿನಾಥ ಮೇಲೊಂದು ಮಹಡಿ ಕಟ್ಟಿಸುತ್ತಿದ್ದ. ಅವನ ಇಟ್ಟಿಗೆಯ ರಾಶಿ ಮೂರು ತಿಂಗಳಿಂದ ಅರ್ಧ ರಸ್ತೆಯನ್ನು ನುಂಗಿ ಮಲಗಿತ್ತು. ಅದರ ಬಗ್ಗೆ ಓಣಿಯಲ್ಲಿ ಯಾರೂ ಸಭೆ ಕರೆದಿರಲಿಲ್ಲ. ಖೋಲಿಯ ಬಾಗಿಲಿಗೆ ಕೀಲಿ ಬಿದ್ದಿತ್ತು.

ನೀಮಾ ಆಟೋದಿಂದ ಇಳಿದಳು. ಹನುಮಣ್ಣ ನೆಲ ನೋಡುತ್ತಲೇ ಹೇಳಿದ. “ತಪ್ಪು ತಿಳೀಬ್ಯಾಡವ್ವ. ನಮ್ಮ ಅಳಿಯ ಬರಾವ ಅದಾನ...”

ನೀಮಾ ಕೈಚೀಲವನ್ನು ಕೆಳಗಿಟ್ಟಳು. “ಯಾವ ಅಳಿಯಾರಿ? ನಿಮಗ ಹೆಣ್ಣುಮಕ್ಕಳಽ ಇಲ್ಲಲ್ರಿ.”

ಓಣಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಹನುಮಣ್ಣನ ಕಿವಿ ಕೆಂಪಾದವು. ಪಾಪ, ಅವನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಯಾರೋ ಬಾಯಿಪಾಠ ಮಾಡಿಸಿ ಕೂರಿಸಿದ್ದರು. ಬಾಯಿಪಾಠ ಮಾಡಿಸಿದವನು ಈಗ ತಾನೇ ಎದ್ದು ನಿಂತ.

“ನೋಡವ್ವಾ, ಇದು ಸಂಸಾರಸ್ಥರ ಓಣಿ” ಎಂದ ಕಾಶಿನಾಥ. “ನೀ ಏನು ತಿಂತಿ, ಯಾರ್ಯಾರು ಬರ್ತಾರ, ನಮಗೇನು ಗೊತ್ತು? ನಾಳೆ ಪೊಲೀಸರು ಬಂದ್ರ?”

“ಪೊಲೀಸರು ಬರ್ಲಿ ಅಂತಽ ನಾ ಸಹಿ ಕೇಳಾಕತ್ತೀನ್ರಿ. ಕದ್ದು ಇರಾಕ ಬಂದಾಕಿ ಆಗಿದ್ರ ಸಹಿ ಯಾಕ ಬೇಕಿತ್ತು?” ನೀಮಾ ಒಂದು ಹೆಜ್ಜೆ ಮುಂದೆ ಬಂದಳು. “ನಾ ಏನು ತಿಂತೀನಂದ್ರ ನಿಮ್ಮೂರಿನ ಅಕ್ಕಿ ತಿಂತೀನಿ. ಯಾರು ಬರ್ತಾರ? ನೀವು ಬಂದ್ರ ಚಹಾ ಮಾಡ್ತೀನಿ. ನಾ ಏನು ಪುಕ್ಕಟ ಇರಾಕ ಬಂದಿಲ್ರಿ, ನಿನ್ನೆ ಕೊಟ್ಟ ಮಾತಿಗೆ ಬಂದೀನಿ.”

“ಮಾತು ಆಗಿದ್ದು ನಿನ್ನೆ. ಇವತ್ತು ಕೀಲಿ ಹಾಕೈತಿ. ನಡಿ.”

ಆಟೋದವನು ಇಂಜಿನ್ ಆರಿಸಿರಲಿಲ್ಲ; ಸಾಮಾನು ಮತ್ತೆ ಸಾಣಾಪುರಕ್ಕೇ ಹೋಗುತ್ತದೆಂದು ಅವನಿಗೂ ಖಾತ್ರಿಯಾಗಿತ್ತು. ನೀಮಾ ಒಂದು ಗಳಿಗೆ ಕೀಲಿಯನ್ನು ನೋಡಿದಳು. ಇವತ್ತೇ ಹದಿನಾಲ್ಕನೆಯ ದಿನ, ಸಂಜೆ ಐದಕ್ಕೆ ನೋಂದಣಿಯ ಕಚೇರಿ ಮುಚ್ಚುತ್ತದೆ. ಹನ್ನೊಂದನೆಯ ಮನೆ ಹುಡುಕಲು ಹೊತ್ತಿರಲಿಲ್ಲ, ಇದ್ದಿದ್ದರೂ ಅವಳು ಹುಡುಕುತ್ತಿರಲಿಲ್ಲ. ಸಾಕಾಗಿತ್ತು.

ಅವಳು ನೆಟ್ಟಗೆ ರಸ್ತೆ ದಾಟಿ ಕಾಶಿನಾಥನ ರಾಶಿಯಿಂದ ಮೂರು ಇಟ್ಟಿಗೆ ಎತ್ತಿಕೊಂಡು ಬಂದಳು. ಕೀಲಿ ಹಾಕಿದ ಬಾಗಿಲ ಮುಂದೆ, ಹೊಸ್ತಿಲಿಗೆ ತಾಗಿಸಿ ಅವನ್ನು ಒಲೆಯಂತೆ ಹೂಡಿದಳು. ಯಂತ್ರ ಕೂರಿಸುವವರು ಮೊದಲು ನೋಡುವುದು ಮಟ್ಟವನ್ನು. ನೀಮಾ ಬಗ್ಗಿ ಮಟ್ಟ ನೋಡಿದಳು, ಪಶ್ಚಿಮದ ಇಟ್ಟಿಗೆಯ ಕೆಳಗೆ ಒಂದು ಕಲ್ಲಿನ ಚೂರು ತುರುಕಿ ಮಟ್ಟವನ್ನು ಬೇಕೆಂದೇ ಕೆಡಿಸಿದಳು. ಸಾಮಾನಿನ ರಟ್ಟಿನ ಡಬ್ಬಿ ಹರಿದು, ಅಲ್ಲೇ ಬಿದ್ದಿದ್ದ ಕಟ್ಟಿಗೆಯ ಸೀಳು ಸೇರಿಸಿ ಬೆಂಕಿ ಹಚ್ಚಿದಳು. ಕೈಚೀಲದಿಂದ ಸಣ್ಣ ಪಾತ್ರೆ ತೆಗೆದು ಮೇಲಿಟ್ಟು, ಉಕ್ಕಿಸಲೆಂದೇ ತಂದಿದ್ದ ಅರ್ಧ ಲೀಟರ್ ಹಾಲು ಸುರಿದಳು.

“ಏಯ್, ನನ್ನ ಇಟ್ಟಿಗಿ!” ಎಂದ ಕಾಶಿನಾಥ. ಆ ಹೊತ್ತಿಗೆ ಅವನಿಗೆ ಹೊಳೆದದ್ದು ಅಷ್ಟೇ.

ಹೊಗೆ ಎದ್ದಿತು. ಹುಲಿಗವ್ವ ಒಳಗಿನಿಂದ ಬಂದು ಪಕ್ಕದ ತನ್ನ ಮನೆಯ ಬಾಗಿಲಲ್ಲಿ ನಿಂತಳು. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಿಸಿದವು. ಹಾಲು ಉಕ್ಕಿತೆಂದರೆ ಅವಳು ಮನೆ ಹೊಕ್ಕಂತೆಯೇ ಎಂದು ಈಗ ಎಲ್ಲರಿಗೂ ತಿಳಿಯಿತು. ಕಾಶಿನಾಥನಿಗೂ ತಿಳಿಯಿತು. ಅವನು ಧಾವಿಸಿ ಬಂದು ಒಲೆಯನ್ನು ಒದೆಯಲು ಕಾಲೆತ್ತಿದ. ನೀಮಾ ಸರಿಯಲಿಲ್ಲ, ಪಾತ್ರೆಗೆ ಅಡ್ಡ ಕೂತಳು.

“ಕಾಶಿನಾಥ! ಕಾಲು ಹಿಂದಕ್ಕ ತಗಿ!” ಹುಲಿಗವ್ವನ ದನಿಗೆ ಓಣಿಯೇ ಬೆಚ್ಚಿತು. “ನನ್ನ ಹೊಸ್ತಿಲದಾಗ ಹಾಲು ಕಾಯಾಕತ್ತೈತಿ. ಅದನ್ನ ಒದ್ದಿ ಅಂದ್ರ ನನ್ನ ಮನಿ ಒದ್ದಂಗ. ಕೆಡುಕಾದ್ರ ನೀ ಬಂದು ಕಟ್ಟಿಕೊಡ್ತೀಯೇನು?”

ಎತ್ತಿದ ಕಾಲು ಎಲ್ಲಿಡಬೇಕೆಂದು ಕಾಶಿನಾಥನಿಗೆ ತಿಳಿಯಲಿಲ್ಲ. ಮೆಲ್ಲಗೆ ಹಿಂದಕ್ಕಿಟ್ಟ.

ಹಾಲು ಏರಿತು, ಬಾಯಿತನಕ ಬಂತು, ಭುಸ್ಸೆಂದು ಚೆಲ್ಲಿತು. ಪೂರ್ವಕ್ಕೇ ಚೆಲ್ಲಿತು. ಅದು ಬೇರೆ ಕಡೆ ಹೋಗಲು ಇಂಜಿನಿಯರು ದಾರಿಯನ್ನೇ ಇಟ್ಟಿರಲಿಲ್ಲ.

ಹುಲಿಗವ್ವ ಹತ್ತಿರ ಬಂದು ಚೆಲ್ಲಿದ ಹಾಲನ್ನು ನೋಡಿದಳು. ಪಶ್ಚಿಮದ ಇಟ್ಟಿಗೆಯನ್ನೂ ನೋಡಿದಳು. ಆಮೇಲೆ ಓಣಿಯ ಮಂದಿಗೆ ಕಾಣದಂತೆ ಸೀರೆಯ ನೆರಿಗೆಯನ್ನು ಆ ಚೂರಿನ ಮೇಲೆ ಇಳಿಬಿಟ್ಟು ನಿಂತಳು.

“ಮೂಡಲಕ್ಕ ಉಕ್ಕೈತಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗಂಡನ ಕಡೆ ತಿರುಗಿದಳು. “ಹಾಲು ಉಕ್ಕಿಸಿದಾಕಿನ್ನ ಹೊರಗ ಹಾಕಿದ ಮನಿ ನಂದು ಅನ್ನಿಸ್ಕೊಳ್ಳಾಕ ನನಗಾಗಂಗಿಲ್ಲ. ನಿನ್ನೆ ಮಾತು ಕೊಟ್ಟಾಂವ ನೀನು, ಕಾಶಿನಾಥ ಅಲ್ಲ. ಕೀಲಿ ತಾ. ಪೆನ್ನೂ ತಾ.”

ಹನುಮಣ್ಣ ಎರಡನ್ನೂ ತಂದ. ಕಟ್ಟೆಯ ಮೇಲೆ ಕಾಗದವಿಟ್ಟು ಸಹಿ ಹಾಕುವಾಗ ಅವನ ಮುಖದಲ್ಲಿ ನಿನ್ನೆಯ ಕಳೆ ಮರಳಿತ್ತು. “ತಪ್ಪಾತವ್ವ” ಎಂದ. ನೀಮಾ ತಲೆಯಾಡಿಸಿದಳು. ಪರವಾಗಿಲ್ಲ ಎಂದು ಮಾತ್ರ ಅವಳು ಹೇಳಲಿಲ್ಲ. ಅಷ್ಟು ಬೇಗ ಹೇಳುವ ಮನಸ್ಸು ಇರಲಿಲ್ಲ.

ಮಂದಿ ಕರಗಿದರು. ಕಾಶಿನಾಥ ಒಬ್ಬನೇ ಉಳಿದ. ಏನಾದರೊಂದನ್ನು ಗೆದ್ದು ಹೋಗಬೇಕಿತ್ತು ಅವನಿಗೆ.

“ನನ್ನ ಇಟ್ಟಿಗಿ ಕೊಡು.”

ನೀಮಾ ಬಾಗಿಲ ಕೀಲಿ ತೆಗೆಯುತ್ತಿದ್ದಳು. ತಿರುಗಿ ನೋಡದೆ ಹೇಳಿದಳು. “ಇನ್ನೂ ಬಿಸಿ ಅದಾವ್ರಿ. ಆರಿದ ಮ್ಯಾಲ ಯಾವಾಗ ಬೇಕಾದ್ರೂ ಬಂದು ಒಯ್ರಿ. ನಾ ಇಲ್ಲೇ ಇರ್ತೀನಿ.”