ತಿಮಿಂಗಿಲ ಸೈಡ್ ಕೊಟ್ಟಿದ್ದು

ಥಾಯ್ಲೆಂಡಿನ ನಡುಗಡಲಿನಲ್ಲಿ ಪ್ರಭುರಾಜ ಒಬ್ಬನೇ ಕಯಾಕ್ ಎಂಬ ಸಣ್ಣ ದೋಣಿ ಹೊಡೆದುಕೊಂಡು ಹೋಗುತ್ತಿದ್ದಾಗ ಎದುರಿಗೆ ಬಂದ ತಿಮಿಂಗಿಲವೊಂದು ಅವನಿಗೆ ಸೈಡ್ ಕೊಟ್ಟಿತು. ಸುಮ್ಮನೆ ಕೊಡಲಿಲ್ಲ. ಒಮ್ಮೆ ಅವನ ಮುಖ ನೋಡಿತು, ತೋಳು ನೋಡಿತು, ಇವನ ಉಸಾಬರಿ ನನಗ್ಯಾಕೆ ಅಂದುಕೊಂಡು ಎಡಕ್ಕೆ ಸರಿಯಿತು. ಆಗ ಎದ್ದ ತೆರೆ ಎಷ್ಟು ಎತ್ತರವಿತ್ತೆಂದರೆ, ಅದರ ನೆತ್ತಿಯ ಮೇಲಿಂದ ಪ್ರಭುರಾಜನಿಗೆ ಕುಷ್ಟಗಿಯ ಬಸ್ ಸ್ಟ್ಯಾಂಡ್ ಕಂಡಿತು. ಯಲಬುರ್ಗಾದ ಬಸ್ಸು ಆಗಷ್ಟೇ ಹೊರಟಿತ್ತಂತೆ. ಕಿಟಕಿಯಲ್ಲಿ ಪರಿಚಯದವರೂ ಇದ್ದರಂತೆ.

ಇದನ್ನು ಅವನೇ ಹೇಳಿದ್ದು. ಕುಷ್ಟಗಿಯಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ. ಹುಟ್ಟಿ ಬೆಳೆದದ್ದು ಹನುಮಸಾಗರದಲ್ಲಿ. ಊರಿನ ಹೆಸರಿನಲ್ಲಿ ಒಂದು ಸಾಗರವಿರುವುದನ್ನು ಬಿಟ್ಟರೆ ನೀರಿಗೂ ಅವನಿಗೂ ಇದ್ದ ನಂಟು ಬೆಳಗಿನ ಬಕೀಟಿನದಷ್ಟೇ. ಬೀಜದ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಹಿಂದೊಮ್ಮೆ ಥಾಯ್ಲೆಂಡಿಗೆ ಕರೆದೊಯ್ದಿತ್ತು. ಅಲ್ಲಿಂದ ಪ್ರಭುರಾಜ ತಂದದ್ದು ಒಂದು ಫೋಟೋ. ಮೈಗೆ ಕಿತ್ತಳೆ ಬಣ್ಣದ ಜಾಕೀಟು, ಕೈಯಲ್ಲಿ ಎರಡೂ ತುದಿಗೆ ಅಲಗಿರುವ ಹುಟ್ಟು, ಕಯಾಕಿನಲ್ಲಿ ಕುಳಿತ ಭಂಗಿ, ಮುಖದಲ್ಲಿ ಸಮುದ್ರವನ್ನೇ ಖರೀದಿಗೆ ನೋಡಲು ಬಂದವನ ಗತ್ತು. ಸೊಂಟದ ಕೆಳಗೆ ಫೋಟೋ ಮುಗಿದಿತ್ತು. ಅದನ್ನು ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ. ಸಜ್ಜೆ ಬೀಜ ಕೇಳಲು ಬಂದವನು ಮೊದಲು ತಿಮಿಂಗಿಲದ ಕಥೆ ಕೇಳಬೇಕು, ಆಮೇಲೆ ಬೀಜ. ಕುಷ್ಟಗಿ ಸೀಮೆಯಲ್ಲಿ ಈ ಕಥೆ ಕೇಳದ ಸಜ್ಜೆ ತೆನೆ ಒಂದೂ ಉಳಿದಿರಲಿಲ್ಲ.

ಕೇಳೀ ಕೇಳೀ ತಲೆ ಚಿಟ್ಟು ಹಿಡಿದವಳು ಅವನ ಹೆಂಡತಿ ಮಲ್ಲೇಶ್ವರಿ. ಅವಳದು ಹಿಟ್ನಾಳದ ತವರು. ಹುಡುಗಿಯಾಗಿದ್ದಾಗಲೇ ತಮ್ಮ ಕಲ್ಲೇಶನ ಜೊತೆ ಕಾಲುವೆಗೆ ಜಿಗಿದು ಈಜು ಕಲಿತವಳು. ಮದುವೆಯಾಗಿ ಕುಷ್ಟಗಿಗೆ ಬಂದ ಮೇಲೆ ಈಜುವುದಿರಲಿ, ಕಾಲು ಮುಳುಗುವಷ್ಟು ನೀರನ್ನೂ ಕಂಡಿರಲಿಲ್ಲ. ಕಂಪನಿಯ ಟೂರು ಗಂಡಸರಿಗಷ್ಟೇ. ಟೂರು ಬೇಡವೆಂದ ವರ್ಷ ಕಂಪನಿಯವರು ಫ್ರಿಜ್ ಕೊಡುತ್ತಿದ್ದರು. ಹಾಗೆ ಬಂದ ಫ್ರಿಜ್ಜುಗಳಲ್ಲಿ ಒಂದು ಅಡುಗೆಮನೆಯಲ್ಲಿ ತಣ್ಣಗಿತ್ತು, ಇನ್ನೊಂದು ಪಡಸಾಲೆಯಲ್ಲಿ ಬಟ್ಟೆಯ ಕಪಾಟಾಗಿತ್ತು.

ಈ ವರ್ಷ ಕಂಪನಿಯವನು ಫೋನು ಮಾಡಿ, "ಸರ, ಈ ಸಲ ಜೋಡಿ ಟೂರ್ ಐತಿ. ಮನಿಯವ್ರನ್ನ ಕರಕೊಂಡ ಬರ್ರಿ. ಆಲೆಪ್ಪಿ, ಅಂಡಮಾನ್, ಥಾಯ್ಲೆಂಡಿನ ಕ್ರಾಬಿ, ಮೂರೂ ಕಡೆ ಕಯಾಕಿಂಗ್ ಐತ್ರಿ. ನೀವು ಅನುಭವಸ್ಥರು. ನೀವು ಯಾವುದ ಅಂತೀರಿ ಅದಕ್ಕ ಎಲ್ಲಾರನ್ನೂ ಒಯ್ತೀವಿ. ಸೋಮವಾರ ಹೇಳಿಬಿಡ್ರಿ," ಎಂದ. ದುರ್ದೈವಕ್ಕೆ ಫೋನು ಸ್ಪೀಕರಿನಲ್ಲಿತ್ತು. ಮಲ್ಲೇಶ್ವರಿ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಅವತ್ತೇ ಕಲ್ಲೇಶನೂ ಬಂದಿದ್ದ. ಮೂವರೂ ಕೂತು ಮೊಬೈಲಿನಲ್ಲಿ ಊರು ಆರಿಸತೊಡಗಿದರು. ಆಲೆಪ್ಪಿಯ ತೆಂಗಿನ ನೆರಳು ನೀರಿನಲ್ಲಿ ಬಿದ್ದಿರುವುದನ್ನು ನೋಡಿ ಮಲ್ಲೇಶ್ವರಿ, "ಏನ್ ಛಂದ ಐತ್ರಿ!" ಎಂದಳು.

"ನಿಂತ ನೀರು," ಎಂದ ಪ್ರಭುರಾಜ. "ನಿಂತ ನೀರಾಗ ಕಯಾಕ್ ಹೊಡೆಯೋದಂದ್ರ ಆನಿ ಮ್ಯಾಲ ಕುಂತಾಂವಗ ಕತ್ತಿಮರಿ ಮ್ಯಾಲ ಕುಂದರು ಅಂದಂಗ."

"ಹಂಗಾರ ಅಂಡಮಾನ್ ನೋಡ್ರಿ ಮಾಮಾ," ಎಂದು ಕಲ್ಲೇಶ ತೋರಿಸಿದ. ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಂತ ಕಾಡು, ನಡುವೆ ಹಸಿರು ಗುಹೆಯಂಥ ದಾರಿ, ಆ ದಾರಿಯಲ್ಲಿ ಒಂದು ಕಯಾಕ್.

ಪ್ರಭುರಾಜ ಚಿತ್ರವನ್ನು ದೊಡ್ಡದು ಮಾಡಿ ಬೇರುಗಳನ್ನೇ ದಿಟ್ಟಿಸಿದ. "ಬುಡದಾಗ ಇಷ್ಟ ನೀರು ನಿಂತೈತಿ. ಇದಕ್ಕ ಬೇರುಕೊಳೆ ರೋಗ ಹತ್ತೇತಿ ನೋಡು. ಅಲ್ಲಿ ಹೋದ್ರ ಎಲ್ಲಾರೂ ನನಗ ಔಷಧಿ ಕೇಳ್ತಾರ. ಟೂರಿಗೆ ಹೋಗಿ ಅಂಗಡಿ ತೆಗೀಲೇನು?"

"ಕ್ರಾಬಿ?"

"ಕಲ್ಲಗುಡ್ಡ. ಕಲ್ಲಗುಡ್ಡ ನೋಡಾಕ ಇಮಾನ ಹತ್ತಬೇಕೇನಲೇ? ಗಂಗಾವತಿ ಬಸ್ ಹತ್ತಿದ್ರ ಸಾಲಂಗಿಲ್ಲೇನು? ಮತ್ತ ಥಾಯ್ಲೆಂಡ ಸಮುದ್ರಕ್ಕ ನಾ ಆಗಲೇ ಬುದ್ಧಿ ಕಲಿಸಿ ಬಂದೇನಿ. ಸುಮ್ನ ಈ ಸಲ ಫ್ರಿಜ್ ತಗೊಳ್ಳೂಣು."

ಮಲ್ಲೇಶ್ವರಿ ಗಂಡನ ಮುಖವನ್ನು ನೋಡಿದಳು. ಅಕ್ಕಿಯಲ್ಲಿ ಕಲ್ಲು ಹುಡುಕುವ ನೋಟ ಅದು. "ಮೂರನೇ ಫ್ರಿಜ್ಜಿನಾಗ ಏನ ಇಡ್ಲಿ? ನಿಮ್ಮ ಫೋಟೋ ಇಡ್ಲೇನು?" ಎಂದು ಎದ್ದು ಹೋದಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಜೋರಾಗಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸದ್ದು ನಿಂತು ಮಾತು ಬಂತು: "ಆಯಿತವಾರ ಸಾಣಾಪುರದ ಕೆರಿಗೆ ಹೋಗೂಣ್ರಿ. ಮೊದಲ ನನಗ ಹುಟ್ಟು ಹಾಕೋದ ಕಲಿಸ್ರಿ. ನಾ ಕಲತರ ಟೂರು. ಕಲೀಲಿಲ್ಲಂದ್ರ ನಿಮ್ಮ ಫ್ರಿಜ್ಜು."

ಪ್ರಭುರಾಜ ಒಳಗೊಳಗೇ ಕುಣಿದ. ಸಾಣಾಪುರದಲ್ಲಿ ಇರುವುದು ಹರಗೋಲು, ಬಿದಿರಿನ ದುಂಡು ಬುಟ್ಟಿ. ಅದಕ್ಕೆ ಹುಟ್ಟು ಹಾಕುವವನು ಬೇರೆ ಇರುತ್ತಾನೆ. ತಾನು ನಡುವೆ ಕೂತು, ಕಣ್ಣು ಮುಚ್ಚಿ, ಇದು ಕಯಾಕ್ ಅಲ್ಲ ಬಿಡು ಎಂದು ಎದ್ದು ಬಂದರಾಯಿತು. ಹೆಂಡತಿ ಕಲಿತಂತೆಯೂ ಆಗುವುದಿಲ್ಲ, ತನ್ನ ಮರ್ಯಾದೆಗೂ ಧಕ್ಕೆಯಿಲ್ಲ.

ಆದಿತ್ಯವಾರ ಕೆರೆಯ ದಂಡೆಯಲ್ಲಿ ಹರಗೋಲುಗಳು ಬೋರಲು ಬಿದ್ದಿದ್ದವು. ಅವುಗಳ ಪಕ್ಕದಲ್ಲಿ, ಹಳದಿ ಬಣ್ಣದ, ಉದ್ದನೆಯ, ಎರಡು ಸೀಟಿನ ಹೊಚ್ಚ ಹೊಸ ಕಯಾಕ್ ಒಂದು ಬಿಸಿಲಿಗೆ ಹಲ್ಲು ಕಿರಿಯುತ್ತಿತ್ತು.

"ಹೋದ ತಿಂಗಳ ತಂದೇವ್ರಿ ಸಾಹುಕಾರ್ರ," ಎಂದ ಹರಗೋಲಿನ ಓಬಳೆಪ್ಪ. "ಕಲ್ಲೇಶಪ್ಪ ಫೋನ್ ಮಾಡಿ ನಿಮ್ಮ ಸಲುವಾಗಿ ತೆಗೆದಿಡಾಕ ಹೇಳಿದ್ರು. ತಿಮಿಂಗಿಲದ ಸಾಹುಕಾರ್ರು ನೀವಽ ಏನ್ರಿ?"

ಪ್ರಭುರಾಜ ಭಾಮೈದನ ಕಡೆ ನೋಡಿದ. ಕಲ್ಲೇಶ ಆಗಲೇ ಗುಡ್ಡ ನೋಡುತ್ತಿದ್ದ.

ಇನ್ನು ಹಿಂದೆ ಸರಿಯುವ ದಾರಿಯಿಲ್ಲ. ಪ್ರಭುರಾಜ ಕಯಾಕಿನ ಸುತ್ತ ಎತ್ತು ಕೊಳ್ಳಲು ಬಂದವನಂತೆ ತಿರುಗಿದ. ಬೆರಳಿನಿಂದ ಬಡಿದು ನೋಡಿ, "ಪ್ಲಾಸ್ಟಿಕ್ ನಮ್ಮ ಸ್ಪ್ರೇಯರ್ ಪಂಪಿಂದು ಇದ್ದಂಗೈತಿ. ಸಮುದ್ರದ್ದು ಬ್ಯಾರೆ ಇರತೈತಿ," ಎಂದ. ಗಾಳಿ ಸರಿಯಿಲ್ಲ ಎಂದ. ಗಾಳಿಯೇ ಇರಲಿಲ್ಲ. ಜಾಕೀಟಿನ ಕ್ಲಿಪ್ಪು ಅವನ ಹೊಟ್ಟೆಗೆ ಕೂಡಲಿಲ್ಲ. ಅದನ್ನೇ ನೆಪ ಮಾಡಿ ಬಿಚ್ಚಲು ಹೋದರೆ ಓಬಳೆಪ್ಪ ಭಕ್ತಿಯಿಂದ ಇನ್ನೊಂದು ದೊಡ್ಡ ಅಳತೆಯದನ್ನು ತಂದು ತೊಡಿಸಿದ.

ಮಲ್ಲೇಶ್ವರಿ ಸೀರೆಯ ನೆರಿಗೆ ಎತ್ತಿ ಕಟ್ಟಿ, ಮೇಲೊಂದು ಜಾಕೀಟು ಹಾಕಿ, ಹಿಂದಿನ ಸೀಟಿನಲ್ಲಿ ನೀರಿಗೆ ಮುಖ ಮಾಡಿ ಕೂತಳು. "ನೀವು ಮುಂದ ಕುಂದರ್ರಿ. ನೋಡಿ ಕಲೀತೀನಿ."

ಪ್ರಭುರಾಜ ಹತ್ತಿದ, ಕೂತ. ಕೂತದ್ದು ಹೆಂಡತಿಯ ಕಡೆಗೆ ಮುಖ ಮಾಡಿ.

ಅವನ ತಪ್ಪಿಲ್ಲ ಪಾಪ. ಈ ಸೀಮೆಯಲ್ಲಿ ದೋಣಿಯೆಂದರೆ ಹರಗೋಲು. ಹರಗೋಲಿಗೆ ಮುಂದೂ ಇಲ್ಲ ಹಿಂದೂ ಇಲ್ಲ, ಹತ್ತಿದವರೆಲ್ಲ ಒಳಮುಖವಾಗಿ ಸುತ್ತ ಕೂರುತ್ತಾರೆ, ಒಬ್ಬರ ಮೋರೆ ಒಬ್ಬರು ನೋಡುತ್ತ. ಪರವೂರಿನ ಹರಗೋಲಿನಲ್ಲಿ ಚಿಕ್ಕಂದಿನಲ್ಲಿ ಒಮ್ಮೆ ಕೂತದ್ದೇ ಪ್ರಭುರಾಜನ ಜಲಯಾನದ ಇಡೀ ವಿದ್ಯೆ. ಆ ವಿದ್ಯೆಯನ್ನು ಅವನು ಚಾಚೂ ತಪ್ಪದೆ ಪಾಲಿಸಿದ.

ಓಬಳೆಪ್ಪ ಬಾಯಿ ತೆರೆದ. ಕಲ್ಲೇಶ ಅವನ ಕೈ ಹಿಡಿದೆಳೆದು ಇಬ್ಬರೂ ಸೇರಿ ಕಯಾಕನ್ನು ನೀರಿಗೆ ತಳ್ಳಿದರು. ಗಂಡ ತನ್ನ ಕಡೆಗೆ ನೀರೆಳೆದ, ಹೆಂಡತಿ ತನ್ನ ಕಡೆಗೆ ಎಳೆದಳು. ಕಯಾಕ್ ಅತ್ತಲೂ ಹೋಗದೆ ಇತ್ತಲೂ ಹೋಗದೆ ಗಾಣದಂತೆ ತಿರುಗಿತು. ದಂಡೆಯಲ್ಲಿದ್ದ ಪ್ರವಾಸಿಗರು ಮೊಬೈಲು ಎತ್ತಿದರು.

"ಮಾಮಾ, ತಿಮಿಂಗಿಲ ಹಿಂದಿಂದ ಬಂದಿತ್ತೇನು?" ಎಂದು ಕಲ್ಲೇಶ ಕೂಗಿದ.

"ಇದು ಥಾಯ್ಲೆಂಡಿನ ಪದ್ಧತಿಲೇ!" ಎಂದು ಪ್ರಭುರಾಜನೂ ಕೂಗಿದ. "ಅಲ್ಲಿ ಹಿಂಗಽ ಕುಂದರ್ತಾರ!"

ಮಲ್ಲೇಶ್ವರಿ ನಗಲಿಲ್ಲ. ಗಂಡನ ಹುಟ್ಟನ್ನು ಕಸಿದು ಕಾಲಡಿ ಇಟ್ಟುಕೊಂಡಳು. ತನ್ನ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರು ಎಳೆದಳು. ಕಾಲುವೆಯಲ್ಲಿ ಈಜಿದ ತೋಳು ಏನನ್ನೂ ಮರೆತಿರಲಿಲ್ಲ. ಕಯಾಕ್ ಬಾಣದಂತೆ ಕೆರೆಯ ನಡುವಿಗೆ ಹೊರಟಿತು. ಪ್ರಭುರಾಜನಿಗೆ ಕಾಣುತ್ತಿದ್ದುದು ಎರಡೇ: ಹೆಂಡತಿಯ ಮುಖ ಮತ್ತು ಅದರ ಹಿಂದೆ ಸಣ್ಣದಾಗುತ್ತಿದ್ದ ದಂಡೆ.

"ಕ್ರಾಬಿ ಯಾಕ ಬ್ಯಾಡ?" ಎಂದಳು.

"ಹೇಳಿದ್ನಲ್ಲ, ಕಲ್ಲಗುಡ್ಡ..."

ಇನ್ನೊಂದು ಎಳೆತ. ದಂಡೆ ಇನ್ನಷ್ಟು ಹಿಂದೆ ಹೋಯಿತು.

"ಅಂಡಮಾನ್?"

"ಬೇರುಕೊಳೆ..."

ಎರಡು ಎಳೆತ. ಕಲ್ಲೇಶ ಈಗ ಬೆರಳುದ್ದ ಕಾಣುತ್ತಿದ್ದ.

"ಹೊಳ್ಳಿ ತಿರುಗಸಽ ಮಲ್ಲೀ! ನೀರು ಭಾಳ ಐತಿ!"

"ಸಮುದ್ರಕ್ಕ ಬುದ್ಧಿ ಕಲಿಸಿದವ್ರು ಕೆರಿಗೆ ಅಂಜತೀರೇನು?" ಎಂದಳು ಮಲ್ಲೇಶ್ವರಿ. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನ ಮಾತಾಡಿದಳು. "ನೀವು ಅಂಜಿದ್ರ ನಾ ನಗಂಗಿಲ್ರೀ. ಆದ್ರ ನಿಮ್ಮ ಅಂಜಿಕಿ ಮುಚ್ಚಾಕ ನನ್ನ ಯಾಕ ಮನ್ಯಾಗ ಕೂಡಸ್ತೀರಿ? ನನಗ ಆ ಗಿಡದ ಗವಿಯೊಳಗ ಹೋಗಬೇಕು. ಈಗ ಖರೇ ಹೇಳ್ರಿ, ಇಲ್ಲಾಂದ್ರ ಆ ದಂಡಿಗೆ ಒಯ್ದು ಗುಡ್ಡ ಹತ್ತಿಸಿ ಬರ್ತೀನಿ."

ಪ್ರಭುರಾಜ ಕಯಾಕಿನ ಎರಡೂ ಅಂಚನ್ನು ಹಿಡಿದುಕೊಂಡ. ಸುತ್ತ ನೀರು, ಎದುರಿಗೆ ಮಲ್ಲೇಶ್ವರಿ. ಸುಳ್ಳು ಹೇಳುವವನು ಕೇಳುವವರ ಮುಖ ನೋಡದಂತೆ ಕೂರಬೇಕು. ಅವನು ಅದಕ್ಕೂ ತಪ್ಪಾಗಿ ಕೂತಿದ್ದ.

"ಅಂಡಮಾನ್," ಎಂದ ಸಣ್ಣ ದನಿಯಲ್ಲಿ. "ನಾಳೆ ಅಂಡಮಾನ್ ಅಂತ ಹೇಳ್ತೀನಿ. ನೀ ಹೊಡಿ. ನಾ ದಂಡಿ ಮ್ಯಾಲ ನಿನ್ನ ಚಪ್ಪಲಿ ಕಾಯ್ತೀನಿ."

"ಮತ್ತ ಆ ಫೋಟೋ?"

"ಅದು ಹೋಟೆಲಿನ ಬಾಗಲಾಗ ಇಟ್ಟ ಹಳೇ ಕಯಾಕ್. ಮಣ್ಣ ತುಂಬಿ ಹೂವಿನ ಗಿಡ ಹಚ್ಚಿದ್ರು. ನಾ ಕುಂತದ್ದಕ್ಕ ಎರಡು ಗಿಡ ಮುರದ್ವು. ಅದಕ್ಕಽ ಸೊಂಟದ ಕೆಳಗ ಫೋಟೋ ಕತ್ತರಿಸಿದ್ದು. ಉಳಿದ ದಿನ ಎಲ್ಲಾರೂ ಸಮುದ್ರಕ್ಕ ಹೋಗ್ಯಾರ, ನಾ ರೂಮಿನಾಗ ಕುಂತು ನೀ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೇನಿ."

ಮಲ್ಲೇಶ್ವರಿ ಹುಟ್ಟನ್ನು ನೀರಿಗಿಳಿಸಿದಳು. ಕಯಾಕ್ ದಂಡೆಯ ಕಡೆಗೆ ತಿರುಗಿತು. ಅರ್ಧ ದಾರಿಯಲ್ಲಿ ಮತ್ತೆ ನಿಲ್ಲಿಸಿದಳು.

"ತಿಮಿಂಗಿಲ?"

ಪ್ರಭುರಾಜ ತಲೆ ತಗ್ಗಿಸಿದ.

"ಹೋಟೆಲಿನಾಗ ಹುಡುಗ್ರು ಈಜೋ ಹೊಂಡ ಒಂದಿತ್ತು. ಅದರ ದಂಡಿಗೆ ಒಬ್ಬಾಂವ ಗಾಳಿ ತುಂಬಿದ ರಬ್ಬರಿನ ತಿಮಿಂಗಿಲ ಹೊತಗೊಂಡು ಎದುರಿಗೆ ಬಂದ," ಎಂದ. "ಖರೇ ಹೇಳಬೇಕಂದ್ರ ಅದು ಸೈಡ್ ಕೊಡಲಿಲ್ಲ ಮಲ್ಲೀ. ನಾನಽ ಕೊಟ್ಟೆ."